ಚಿಕ್ ಲಿಟ್ ಕಾದಂಬರಿಯ ಕೊನೆಗೆ ನಾಯಕಿಯ ಕೆಲಸ ಎಲ್ಲಿ ಹೋಗುತ್ತೆ?

ರಾಜಾಜಿನಗರದ ಓದುಗಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಚಿಕ್ ಲಿಟ್, ಅಂದರೆ ಈಗಿನ ಕಾಲದ ಹುಡುಗಿಯರ ಕೆಲಸ, ಪ್ರೀತಿಯ ಬಗ್ಗೆ ಲಘು ಧಾಟಿಯಲ್ಲಿ ಬರೆದ ಕಾದಂಬರಿ ಓದುವವರು ತುಂಬಾ ಜನ ಇದ್ದೀರಿ. ಬಹಳ ದಿನದಿಂದ ಕೊರೆಯುತ್ತಿರುವ ಒಂದು ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಈ ಕಾದಂಬರಿಗಳು ಶುರುವಾಗುವುದೇ ಆಫೀಸಿನಲ್ಲಿ. ಬಾಸ್ ಕಾಟ, ಬಾಡಿಗೆ ಕಟ್ಟುವ ತಲೆಬಿಸಿ, ಕ್ರೆಡಿಟ್ ಕಾರ್ಡ್ ಬಿಲ್ಲು, ಪಕ್ಕದ ಸೀಟಿನವಳಿಗೆ ಸಿಕ್ಕ ಪ್ರಮೋಷನ್. ಓದುತ್ತಿದ್ದರೆ ನಮ್ಮದೇ ಕಥೆ ಅನ್ನಿಸುತ್ತದೆ. ಆಮೇಲೆ ಹೀರೋ ಬರುತ್ತಾನೆ. ಅರ್ಧ ದಾಟುವ ಹೊತ್ತಿಗೆ ಆಫೀಸಿನ ಸುದ್ದಿ ಕಮ್ಮಿಯಾಗುತ್ತದೆ. ಕೊನೆಯ ಅಧ್ಯಾಯದಲ್ಲಿ ಪ್ರೀತಿಗೆ ಹತ್ತು ಪುಟ, ಕೆಲಸಕ್ಕೆ ಎರಡು ಸಾಲು.

ಮೊನ್ನೆ ಹೆಲೆನ್ ಫೀಲ್ಡಿಂಗ್ ಅವರ ‘ಬ್ರಿಜೆಟ್ ಜೋನ್ಸಸ್ ಡೈರಿ’ ಮತ್ತೆ ಓದಿದೆ. 1995ರಲ್ಲಿ ಲಂಡನ್ನಿನ ‘ದಿ ಇಂಡಿಪೆಂಡೆಂಟ್’ ಪತ್ರಿಕೆಯ ಅಂಕಣವಾಗಿ ಶುರುವಾದದ್ದು, 1996ರಲ್ಲಿ ಪುಸ್ತಕವಾಯಿತು. ಪ್ರತಿ ದಿನದ ಡೈರಿ ತೂಕ, ಕುಡಿದ ಲೆಕ್ಕ, ಸೇದಿದ ಸಿಗರೇಟು, ತಿಂದ ಕ್ಯಾಲೊರಿಯಿಂದ ಶುರು. ಬ್ರಿಜೆಟ್ ಮೊದಲು ಪ್ರಕಾಶನ ಸಂಸ್ಥೆಯಲ್ಲಿರುತ್ತಾಳೆ. ಬಾಸ್ ಡೇನಿಯಲ್ ಜೊತೆಗಿನ ಪ್ರೇಮ ಹಾಳಾದ ಮೇಲೆ ಆ ಕೆಲಸ ಬಿಟ್ಟು ಟಿವಿಗೆ ಸೇರುತ್ತಾಳೆ. ಅಲ್ಲಿಯ ಅವಳ ದೊಡ್ಡ ಗೆಲುವು ಒಂದು ಸಂದರ್ಶನ. ಕೋರ್ಟಿನ ಮುಂದೆ ಕಾದು ನಿಲ್ಲಬೇಕಾದ ಹೊತ್ತಲ್ಲಿ ಅವಳು ಅಂಗಡಿಗೆ ಹೋಗಿರುತ್ತಾಳೆ. ಸಂದರ್ಶನ ಕೊಡಬೇಕಾದ ಹೆಂಗಸು ಅಷ್ಟರಲ್ಲಿ ಹೊರಟುಹೋಗುತ್ತಾಳೆ. ಅದೇ ಅಂಗಡಿಯಲ್ಲಿ ಕಥೆಯ ಹೀರೋ, ವಕೀಲ ಮಾರ್ಕ್ ಡಾರ್ಸಿ ಸಿಗುತ್ತಾನೆ. ಆ ಹೆಂಗಸಿನ ವಕೀಲ ಅವನೇ. ಅವನೇ ಸಂದರ್ಶನ ಕೊಡಿಸುತ್ತಾನೆ.

ಮೊದಲ ಸಲ ಓದಿದಾಗ ಎಷ್ಟು ಖುಷಿಯಾಗಿತ್ತು! ಈ ಸಲ ಮಾತ್ರ ಮನಸ್ಸಿಗೆ ಒಗ್ಗಲಿಲ್ಲ. ಅದು ಅವಳ ಕೆಲಸದ ಗೆಲುವಾ, ಅವನ ಪ್ರೀತಿಯ ಕಾಣಿಕೆಯಾ?

ನೀವು ಇಂಥ ಪುಸ್ತಕ ಕೈಗೆತ್ತಿಕೊಂಡಾಗ ಏನು ಬಯಸುತ್ತೀರಿ? ಪ್ರೀತಿ ಕೈಗೂಡಿದರೆ ಸಾಕಾ, ಕೆಲಸದ ಕಥೆಯೂ ಮುಗಿಯಬೇಕಾ?

ಮಲೆನಾಡಿನ ಮಳೆ

ಅಕ್ಕಾ, ನಾನು ನೇರವಾಗಿ ಹೇಳಿಬಿಡುತ್ತೇನೆ. ನನಗೆ ಪ್ರೀತಿ ಬೇಕು. ಬೆಳಗ್ಗೆಯಿಂದ ಸಂಜೆವರೆಗೆ ಕಂಪ್ಯೂಟರ್ ಮುಂದೆ ಕೂತು, ಮೀಟಿಂಗ್ ಮುಗಿಸಿ, ಅಡುಗೆ ಮಾಡಿ, ಮಗುವನ್ನು ಮಲಗಿಸಿ ಪುಸ್ತಕ ತೆಗೆದರೆ ಅಲ್ಲೂ ಮೀಟಿಂಗೇ? ಅದು ನನಗೆ ಬೇಡ.

ಅಮೆರಿಕದ ರೊಮ್ಯಾನ್ಸ್ ಲೇಖಕರ ಸಂಘ ಈ ಪ್ರಕಾರಕ್ಕೆ ಎರಡೇ ಲಕ್ಷಣ ಹೇಳಿದೆ. ಕಥೆಯ ನಡುವೆ ಪ್ರೇಮ ಇರಬೇಕು. ಕೊನೆ ಮನಸ್ಸಿಗೆ ತೃಪ್ತಿ ಕೊಡಬೇಕು, ಮುಂದಿನ ದಿನಗಳ ಬಗ್ಗೆ ಭರವಸೆ ಹುಟ್ಟಿಸಬೇಕು. ನನ್ನ ದುಡ್ಡಿಗೆ ನಾನು ಕೇಳುವುದು ಅಷ್ಟೇ. ಆ ಭರವಸೆ ಇರುವುದರಿಂದಲೇ ನಡುವೆ ಎಷ್ಟೇ ಜಗಳ, ತಪ್ಪು ತಿಳಿವಳಿಕೆ ಆದರೂ ನೆಮ್ಮದಿಯಿಂದ ಓದುತ್ತೇನೆ.

ಮಾರ್ಕ್ ಡಾರ್ಸಿ ಸಂದರ್ಶನ ಕೊಡಿಸಿದರೆ ಏನು ತಪ್ಪು? ಪ್ರೀತಿಸುವವರು ಒಬ್ಬರಿಗೊಬ್ಬರು ಆಗಬೇಕು ತಾನೇ. ನನ್ನ ಗಂಡ ನನ್ನ ಮೊದಲ ಕೆಲಸಕ್ಕೆ ರೆಸ್ಯೂಮೆ ತಿದ್ದಿಕೊಟ್ಟಿದ್ದರು. ಅದರಿಂದ ಆ ಕೆಲಸ ನನ್ನದಲ್ಲದೆ ಹೋಗಲಿಲ್ಲ.

ಕರಡು ಪ್ರತಿ

ಮಳೆ ಅವರು ಹೇಳಿದ ಎರಡು ಲಕ್ಷಣ ರೊಮ್ಯಾನ್ಸಿಗೆ ಸರಿ. ಚಿಕ್ ಲಿಟ್ ಬೇರೆ ಮಾತು ಕೊಡುತ್ತದೆ ಅನ್ನಿಸುತ್ತದೆ ನನಗೆ. ಪ್ರಕಾಶಕರಿಗೂ ಇದು ಗೊತ್ತಿತ್ತು. ಮಿಲ್ಸ್ ಅಂಡ್ ಬೂನ್ ಪುಸ್ತಕ ತರುವ ಹಾರ್ಲೆಕ್ವಿನ್ ಕಂಪನಿಯೇ 2001ರಲ್ಲಿ ಚಿಕ್ ಲಿಟ್‌ಗೆಂದು ‘ರೆಡ್ ಡ್ರೆಸ್ ಇಂಕ್’ ಅಂತ ಬೇರೆಯೇ ಮಾಲೆ ಶುರು ಮಾಡಿತು. ರೊಮ್ಯಾನ್ಸ್ ಮಾರಿ ಹೆಸರಾದ ಕಂಪನಿ ಅದು. ಅದಕ್ಕೇ ಇದನ್ನು ಬೇರೆ ಕಪಾಟಿನಲ್ಲಿ ಇಡಬೇಕು ಅನ್ನಿಸಿದೆ ಅಂದರೆ ಓದುಗರ ನಿರೀಕ್ಷೆಯೂ ಬೇರೆ ಅಂತಲೇ ಅಲ್ವಾ?

ರೊಮ್ಯಾನ್ಸಿನಲ್ಲಿ ‘ಇವರಿಬ್ಬರು ಒಂದಾಗುತ್ತಾರಾ’ ಅನ್ನುವುದು ಪ್ರಶ್ನೆ. ಚಿಕ್ ಲಿಟ್‌ನಲ್ಲಿ ‘ಇವಳು ತನ್ನ ಕಾಲ ಮೇಲೆ ನಿಲ್ಲುತ್ತಾಳಾ’ ಅನ್ನುವುದು ಪ್ರಶ್ನೆ. ಹುಡುಗ ಅದರ ಒಂದು ಭಾಗ, ದೊಡ್ಡ ಭಾಗವೇ ಇರಬಹುದು. ಮೊದಲ ಪುಟದಲ್ಲಿ ಅವಳ ಬಾಡಿಗೆ ಬಾಕಿ ತೋರಿಸಿದರೆ ಕೊನೆಯ ಪುಟದೊಳಗೆ ಆ ಬಾಡಿಗೆ ಯಾರು ಕಟ್ಟಿದರು ಅಂತ ನನಗೆ ಗೊತ್ತಾಗಬೇಕು.

ಹುಬ್ಬಳ್ಳಿ ಪುಸ್ತಕಪೆಟ್ಟಿಗೆ

ನೋಡ್ರಿ ಅಕ್ಕಾರೇ, ಇದಕ್ಕೆ ಒಳ್ಳೆಯ ಉದಾಹರಣೆ ಸೋಫಿ ಕಿನ್ಸೆಲಾ ಅವರ ಶಾಪಾಹಾಲಿಕ್ ಸರಣಿಯ ಮೊದಲ ಪುಸ್ತಕ. 2000ದಲ್ಲಿ ಬಂದದ್ದು. ಎಲ್ಲರೂ ಅದನ್ನು ಬಟ್ಟೆ, ಬೂಟು, ಸ್ಕಾರ್ಫಿನ ಕಥೆ ಅಂತ ತಿಳಿದಿದ್ದಾರೆ. ನನಗೆ ಅದು ಕೆಲಸದ ಕಥೆ.

ಬೆಕಿ ಬ್ಲೂಮ್‌ವುಡ್ ಉಳಿತಾಯದ ಬಗ್ಗೆ ಬರೆಯುವ ಪತ್ರಕರ್ತೆ. ತಾನೇ ಸಾಲದಲ್ಲಿ ಮುಳುಗಿರುತ್ತಾಳೆ. ಬ್ಯಾಂಕಿನವನ ಪತ್ರಗಳು ನಡುನಡುವೆ ಬರುತ್ತಲೇ ಇರುತ್ತವೆ. ಅವಳು ಒಂದೊಂದಕ್ಕೂ ಒಂದೊಂದು ನೆಪ ಹೇಳುತ್ತಾಳೆ. ನಗು ಬರುತ್ತದೆ, ಹೊಟ್ಟೆಯಲ್ಲಿ ಸಂಕಟವೂ ಆಗುತ್ತದೆ. ತಿಂಗಳ ಕೊನೆಗೆ ಬ್ಯಾಂಕಿನ ಮೆಸೇಜು ತೆರೆಯಲು ಹೆದರಿದವರಿಗೆ ಅದು ಅರ್ಥವಾಗುತ್ತದೆ.

ಮುಖ್ಯವಾದದ್ದು ಕೊನೆಯ ಭಾಗ. ಅವಳು ಯೋಚಿಸದೆ ಕೊಟ್ಟ ಸಲಹೆಯಿಂದ ಅಪ್ಪ ಅಮ್ಮನ ಮನೆಯ ನೆರೆಯವರು ದುಡ್ಡು ಕಳೆದುಕೊಳ್ಳುತ್ತಾರೆ. ಅವಳಿಗೆ ಮೊದಲ ಸಲ ತನ್ನ ಕೆಲಸದ ತೂಕ ಗೊತ್ತಾಗುತ್ತದೆ. ಕೂತು ವಿಷಯ ಕೆದಕಿ, ಆ ಹಣಕಾಸು ಕಂಪನಿ ಮಾಡಿದ್ದನ್ನು ಬಯಲಿಗೆ ತಂದು ಲೇಖನ ಬರೆಯುತ್ತಾಳೆ. ಟಿವಿಗೆ ಕರೆಯುತ್ತಾರೆ. ಎದುರು ಕೂತಿರುವವನು ಯಾರು? ಹೀರೋ ಲ್ಯೂಕ್ ಬ್ರ್ಯಾಂಡನ್. ಆ ಕಂಪನಿಯ ಪ್ರಚಾರ ನೋಡಿಕೊಳ್ಳುವುದು ಅವನ ಸಂಸ್ಥೆಯೇ. ಅವನ ಎದುರೇ ಅವಳು ಗೆಲ್ಲುತ್ತಾಳೆ. ಆಮೇಲೆ ಪ್ರೀತಿ.

ಬ್ರಿಜೆಟ್‌ಗೆ ಹೀರೋ ಗೆಲುವು ತಂದುಕೊಟ್ಟ. ಬೆಕಿ ಹೀರೋನ ಎದುರು ನಿಂತು ಗೆದ್ದಳು. ಎರಡೂ ಸುಖಾಂತ್ಯವೇ, ಆದರೆ ಎರಡನೆಯದನ್ನು ಓದಿ ಮುಗಿಸಿದಾಗ ನಾನೂ ಸ್ವಲ್ಪ ನೆಟ್ಟಗೆ ಕೂತಿದ್ದೆ.

ಅಟ್ಟದ ಪುಸ್ತಕ

ನಾನು ನಿಮ್ಮೆಲ್ಲರಿಗಿಂತ ದೊಡ್ಡವಳು. ನಿಮ್ಮ ಚರ್ಚೆ ಓದಿ ತುಂಬಾ ಸಂತೋಷವಾಯಿತು, ಅದಕ್ಕೇ ಎರಡು ಮಾತು.

ಮಾರ್ಕ್ ಡಾರ್ಸಿ ಅನ್ನುವ ಹೆಸರು ಬಂದದ್ದು ಜೇನ್ ಆಸ್ಟಿನ್ ಅವರ ‘ಪ್ರೈಡ್ ಅಂಡ್ ಪ್ರೆಜುಡಿಸ್’ನಿಂದ. ಅದು 1813ರ ಪುಸ್ತಕ. ಅಲ್ಲಿಯ ಡಾರ್ಸಿಯೂ ನಾಯಕಿಗೆ ಗೊತ್ತಾಗದಂತೆ ದುಡ್ಡು ಕೊಟ್ಟು ಅವಳ ತಂಗಿಯ ಮಾನ ಉಳಿಸುತ್ತಾನೆ. ಅದು ಆ ಕಾಲಕ್ಕೆ ಸರಿ. ಎಲಿಜಬೆತ್‌ಗೆ ಸಂಬಳ ಇರಲಿಲ್ಲ. ಅಪ್ಪ ಹೋದರೆ ಮನೆ ದಾಯಾದಿಗೆ ಸೇರುತ್ತಿತ್ತು. ಅವಳ ಗೆಳತಿ ಶಾರ್ಲೆಟ್ ಲ್ಯೂಕಸ್ ಪ್ರೀತಿಯೇ ಇಲ್ಲದೆ ಆ ದಾಯಾದಿಯನ್ನು ಮದುವೆಯಾದದ್ದು ತಲೆ ಮೇಲೊಂದು ಸೂರಿಗಾಗಿ. ಆ ಹೆಣ್ಣುಮಕ್ಕಳಿಗೆ ಮದುವೆಯೇ ಉದ್ಯೋಗ.

ಬ್ರಿಜೆಟ್‌ಗೆ ಸಂಬಳ ಇದೆ, ಮನೆ ಇದೆ. ಆದರೂ ಕಥೆಯ ಕಟ್ಟು ಮಾತ್ರ ಹಳೆಯದೇ ಉಳಿಯಿತು. ನಿಮ್ಮ ಅತೃಪ್ತಿ ಅಲ್ಲಿಂದ ಬಂದದ್ದು ಅಂತ ನನ್ನ ಅನಿಸಿಕೆ.

ನಮ್ಮ ಕಾಲಕ್ಕೆ ಇಂಥ ಓದು ಕನ್ನಡದ ಕಾದಂಬರಿಗಳಲ್ಲಿ, ವಾರಪತ್ರಿಕೆಯ ಧಾರಾವಾಹಿಗಳಲ್ಲಿ ಸಿಗುತ್ತಿತ್ತು. ‘ಸುಧಾ’ ಬರುವ ದಿನ ಮನೆಯಲ್ಲಿ ಮೊದಲು ಯಾರು ಓದಬೇಕು ಅಂತ ಜಗಳ. ನಾವು ಓದುತ್ತಿದ್ದ ಲೇಖಕಿಯರು ತ್ರಿವೇಣಿ, ಎಂ.ಕೆ. ಇಂದಿರಾ, ಅನುಪಮಾ ನಿರಂಜನ, ಆಮೇಲೆ ಸಾಯಿಸುತೆ. ತ್ರಿವೇಣಿಯವರ ‘ಬೆಳ್ಳಿಮೋಡ’ ನಿಮಗೆ ನೆನಪಿರಬಹುದು, 1967ರಲ್ಲಿ ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದರು. ನಾಯಕಿ ಇಂದಿರಾ ಒಬ್ಬಳೇ ಮಗಳು, ಆಸ್ತಿ ಅವಳದೇ ಅಂತ ಮೋಹನ ಮದುವೆಗೆ ಒಪ್ಪುತ್ತಾನೆ. ಅವಳಿಗೊಬ್ಬ ತಮ್ಮ ಹುಟ್ಟಿದ ಕೂಡಲೇ ಮನಸ್ಸು ಬದಲಾಯಿಸುತ್ತಾನೆ. ಆಮೇಲೆ ಅವನ ಕಾಲು ಮುರಿಯುತ್ತದೆ, ಇಂದಿರಾಳೇ ಆರೈಕೆ ಮಾಡುತ್ತಾಳೆ. ಅವನಿಗೆ ಈಗ ನಿಜವಾದ ಪ್ರೀತಿ ಹುಟ್ಟುತ್ತದೆ. ಅವಳು ಬೇಡ ಅನ್ನುತ್ತಾಳೆ.

ಅವಳಿಗೆ ಕೆಲಸ ಇರಲಿಲ್ಲ, ಸಂಬಳ ಇರಲಿಲ್ಲ. ಆದರೂ ಬೇಡ ಅಂದಳು. ಆ ಕೊನೆ ಇಷ್ಟವಾಗದವರು ನಮ್ಮ ಬೀದಿಯಲ್ಲೇ ಇದ್ದರು, ‘ಪಾಪ, ಒಪ್ಪಿಕೊಳ್ಳಬಹುದಿತ್ತು’ ಅನ್ನುತ್ತಿದ್ದರು. ನನಗೆ ಮಾತ್ರ ಅದಕ್ಕಿಂತ ತೃಪ್ತಿ ಕೊಟ್ಟ ಕೊನೆ ಇಲ್ಲ.

ರಾಜಾಜಿನಗರದ ಓದುಗಿ

ಅಮ್ಮಾ, ತುಂಬಾ ಥ್ಯಾಂಕ್ಸ್. ಹಳೆಯ ಕಟ್ಟಿನ ಮಾತು ನನಗೆ ಹೊಳೆದೇ ಇರಲಿಲ್ಲ. ಇದರ ಮೇಲೆ ಇನ್ನಷ್ಟು ಯೋಚಿಸಬೇಕು.

ಲಂಡನ್ ಕನ್ನಡತಿ

ನಾನು ಇಲ್ಲಿ ಒಂದು ಲಾ ಫರ್ಮಿನಲ್ಲಿ ಕೆಲಸ ಮಾಡುತ್ತೇನೆ. ಹಾಗಾಗಿ ಕಿನ್ಸೆಲಾ ಅವರದೇ ‘ದಿ ಅನ್‌ಡೊಮೆಸ್ಟಿಕ್ ಗಾಡೆಸ್’ ನನಗೆ ತುಂಬಾ ಹತ್ತಿರದ ಪುಸ್ತಕ. 2005ರದ್ದು.

ಸಮಂತಾ ದೊಡ್ಡ ಫರ್ಮಿನ ವಕೀಲೆ. ಅವಳ ದಿನ ಆರಾರು ನಿಮಿಷದ ತುಂಡುಗಳಲ್ಲಿ ನಡೆಯುತ್ತದೆ. ಇದು ಕಟ್ಟುಕಥೆ ಅಲ್ಲ. ಇಲ್ಲಿ ನಿಜವಾಗಲೂ ಆರು ನಿಮಿಷಕ್ಕೊಂದು ಯೂನಿಟ್ ಅಂತ ಟೈಮ್‌ಶೀಟ್ ತುಂಬುತ್ತೇವೆ. ಗಂಟೆಗೆ ಹತ್ತು ಯೂನಿಟ್. ಯಾವ ಯೂನಿಟ್ ಯಾವ ಕಕ್ಷಿದಾರರ ಲೆಕ್ಕಕ್ಕೆ ಅಂತ ಬರೆಯಬೇಕು. ಕೆಲವು ದಿನ ಊಟಕ್ಕೆ ಕೂತಾಗಲೂ ತಲೆಯಲ್ಲಿ ಅದೇ ಲೆಕ್ಕ.

ಪಾರ್ಟ್‌ನರ್, ಅಂದರೆ ಫರ್ಮಿನ ಪಾಲುದಾರಳು ಆಗುವ ಹೊತ್ತಿಗೆ ಸರಿಯಾಗಿ ಅವಳ ಮೇಜಿನ ಮೇಲೆ ಒಂದು ಕಾಗದ ಸಿಗುತ್ತದೆ. ರಿಜಿಸ್ಟರ್ ಮಾಡಬೇಕಿದ್ದ ದಾಖಲೆ ಮಾಡಿಲ್ಲ. ನಷ್ಟ 5 ಕೋಟಿ ಪೌಂಡು. ಅವಳು ಗಾಬರಿಯಲ್ಲಿ ಸಿಕ್ಕ ರೈಲು ಹತ್ತಿ ಹಳ್ಳಿಗೆ ಹೋಗುತ್ತಾಳೆ. ಅಲ್ಲಿ ಒಂದು ಮನೆಯವರು ಅವಳನ್ನು ಮನೆಗೆಲಸಕ್ಕೆ ಬಂದವಳು ಅಂತ ತಿಳಿಯುತ್ತಾರೆ. ಅವಳಿಗೆ ಅಡುಗೆಯೂ ಬರುವುದಿಲ್ಲ, ಇಸ್ತ್ರಿಯೂ ಬರುವುದಿಲ್ಲ. ತೋಟ ನೋಡಿಕೊಳ್ಳುವ ನಥಾನಿಯಲ್ ಪರಿಚಯವಾಗುತ್ತಾನೆ. ಅವನ ತಾಯಿ ಅಡುಗೆ ಕಲಿಸುತ್ತಾರೆ. ಕೊನೆಗೆ ಆ ತಪ್ಪು ಅವಳದ್ದಲ್ಲ ಅಂತ ಗೊತ್ತಾಗಿ, ಫರ್ಮ್ ಪಾರ್ಟ್‌ನರ್ ಮಾಡುತ್ತೇವೆ ಬಾ ಅನ್ನುತ್ತದೆ. ಅವಳು ಹೋಗುವುದಿಲ್ಲ.

ನನ್ನ ಜೊತೆ ಕೆಲಸ ಮಾಡುವವರಲ್ಲಿ ಅರ್ಧ ಜನಕ್ಕೆ ಈ ಕೊನೆ ಕಂಡರೆ ಕೋಪ. ಅಷ್ಟು ಓದಿದವಳು ಪಾತ್ರೆ ತೊಳೆಯಲು ನಿಂತಳಲ್ಲ ಅಂತ. ನನಗೆ ಹಾಗನ್ನಿಸಲಿಲ್ಲ. ತಪ್ಪು ಅವಳದ್ದಲ್ಲ ಅಂತ ಕಂಡುಹಿಡಿದದ್ದು ಅವಳೇ, ತನ್ನ ವಕೀಲಿ ತಲೆ ಓಡಿಸಿ. ಕುರ್ಚಿ ಎದುರಿಗೇ ಇದ್ದಾಗ ಬೇಡ ಅಂದಳು. ಮೊದಲು ಹೆದರಿ ಓಡಿಹೋದವಳು, ಆಮೇಲೆ ಯೋಚಿಸಿ ಬಿಟ್ಟಳು. ಅದು ಬೇರೆ ಅಲ್ವಾ?

ನಾನು ಕೇಳುವುದು ಇಷ್ಟು. ನಾಯಕಿ ಕೆಲಸ ಬಿಡಲಿ, ಬೇಕಾದರೆ ಬೇರೆ ಕೆಲಸ ಹಿಡಿಯಲಿ. ಬಿಟ್ಟದ್ದು ಯಾಕೆ ಅಂತ ನನಗೆ ಕಾಣಬೇಕು, ಬಿಟ್ಟವಳು ಅವಳೇ ಆಗಿರಬೇಕು.

ಮಲೆನಾಡಿನ ಮಳೆ

ಹಾಗಾದರೆ ಒಂದು ಪ್ರಶ್ನೆ. ಅದೇ ಸಮಂತಾ ಪ್ರೀತಿಗಾಗಿಯೇ ಕೆಲಸ ಬಿಟ್ಟಿದ್ದರೆ ನಿಮಗೆಲ್ಲ ಒಪ್ಪಿಗೆ ಆಗುತ್ತಿತ್ತಾ? ಯಾಕೋ ಈಗೀಗ ಪ್ರೀತಿಯನ್ನು ಆರಿಸಿಕೊಂಡ ನಾಯಕಿಯನ್ನು ಕಂಡರೆ ಎಲ್ಲರೂ ಮುಖ ಸಿಂಡರಿಸುತ್ತಾರೆ. ಪ್ರೀತಿಯೂ ಬದುಕಿನ ದೊಡ್ಡ ವಿಷಯವೇ. ಅದಕ್ಕಾಗಿ ಏನನ್ನಾದರೂ ಬಿಟ್ಟವರು ದಡ್ಡರಲ್ಲ.

ಲಂಡನ್ ಕನ್ನಡತಿ

ಖಂಡಿತ ದಡ್ಡರಲ್ಲ. ಅವಳ ಜೊತೆ ಅವನೂ ಏನಾದರೂ ಬಿಟ್ಟುಕೊಟ್ಟರೆ ನನಗೆ ಒಪ್ಪಿಗೆ. ಯಾವಾಗಲೂ ಅವಳದೇ ಸರದಿ ಆಗುತ್ತದಲ್ಲ, ನನ್ನ ತಕರಾರು ಅದು.

ಹುಬ್ಬಳ್ಳಿ ಪುಸ್ತಕಪೆಟ್ಟಿಗೆ

ಇದೇ ಮಾತಿಗೆ ‘ದಿ ಡೆವಿಲ್ ವೇರ್ಸ್ ಪ್ರಾಡಾ’ ಬರಬೇಕು. ಪುಸ್ತಕ 2003ರದ್ದು, ಸಿನಿಮಾ 2006ರದ್ದು. ನಾಯಕಿ ಆಂಡಿ ಫ್ಯಾಷನ್ ಪತ್ರಿಕೆಯ ಸಂಪಾದಕಿಗೆ ಸಹಾಯಕಿ. ಸಿನಿಮಾದಲ್ಲಿ ಅವಳ ಹುಡುಗ ನೇಟ್ ಅಡುಗೆ ಭಟ್ಟ. ಕೆಲಸದ ಒತ್ತಡದಲ್ಲಿ ಅವಳು ಅವನ ಹುಟ್ಟುಹಬ್ಬಕ್ಕೆ ಬರಲಾಗುವುದಿಲ್ಲ. ರಾತ್ರಿ ಒಂದು ಪುಟ್ಟ ಕೇಕಿಗೆ ಮೇಣದಬತ್ತಿ ಹಚ್ಚಿಕೊಂಡು ಬರುತ್ತಾಳೆ. ಅವನು ಮುಖ ತಿರುಗಿಸಿ ಮಲಗಲು ಹೋಗುತ್ತಾನೆ. ಸಿನಿಮಾ ಬಂದಾಗ ತಪ್ಪು ಅವಳದ್ದು ಅಂತಲೇ ನೋಡಿದವರು ಬಹಳ. ಆಮೇಲೆ ಆಮೇಲೆ ನೋಡಿದವರು ‘ಈ ಸಿನಿಮಾದ ನಿಜವಾದ ವಿಲನ್ ನೇಟ್’ ಅನ್ನತೊಡಗಿದರು. ಸಿನಿಮಾ ಅದೇ, ನೋಡುವವರು ಬದಲಾದರು.

ಕೊನೆಗೆ ಏನಾಗುತ್ತದೆ ನೋಡ್ರಿ. ಆಂಡಿ ಪ್ಯಾರಿಸಿನಲ್ಲಿ ಆ ಕೆಲಸ ಬಿಟ್ಟು ಬರುತ್ತಾಳೆ. ಪತ್ರಿಕೆಯೊಂದರಲ್ಲಿ ಕೆಲಸ ಸಿಗುತ್ತದೆ. ನೇಟ್‌ಗೆ ಬಾಸ್ಟನ್ನಿನಲ್ಲಿ ಕೆಲಸ ಸಿಕ್ಕಿರುತ್ತದೆ, ಅವನು ಹೊರಟಿರುತ್ತಾನೆ. ಅವನು ತನ್ನ ಕೆಲಸಕ್ಕಾಗಿ ಊರು ಬಿಡಬಹುದು, ಅವಳು ತನ್ನ ಕೆಲಸಕ್ಕಾಗಿ ಒಂದು ಸಂಜೆ ತಪ್ಪಿಸಬಾರದು! ಇದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಪುಸ್ತಕದಲ್ಲಿ ಬೇರೆ ಥರ. ಅಲ್ಲಿ ಹುಡುಗನ ಹೆಸರು ಅಲೆಕ್ಸ್, ಮೇಷ್ಟ್ರು. ಅವರಿಬ್ಬರೂ ದೂರವಾಗುತ್ತಾರೆ, ಸ್ನೇಹ ಉಳಿಯುತ್ತದೆ. ಆಂಡಿ ಬರೆಯಲು ಕೂರುತ್ತಾಳೆ, ಒಂದು ಕಥೆ ಅಚ್ಚಾಗುತ್ತದೆ. ಪ್ರೀತಿ ಕೈಗೂಡದೆಯೂ ಅದು ತೃಪ್ತಿಯ ಕೊನೆಯೇ.

ಬಸ್ಸಿನಲ್ಲಿ ಓದುವವ

ಈ ಪುಸ್ತಕಗಳನ್ನು ಓದುವ ಗಂಡಸರೂ ಇದ್ದೇವೆ. ನಾನು ಜಾಹೀರಾತು ಕಂಪನಿಯಲ್ಲಿದ್ದೇನೆ. ‘ದಿ ಜೋಯಾ ಫ್ಯಾಕ್ಟರ್’ ಓದಲು ಕಾರಣವೇ ಅದು.

2008ರ ಪುಸ್ತಕ, ಅನುಜಾ ಚೌಹಾಣ್ ಅವರದ್ದು. ಜೋಯಾ ಜಾಹೀರಾತು ಕಂಪನಿಯಲ್ಲಿ ಒಂದು ತಂಪು ಪಾನೀಯದ ಜಾಹೀರಾತು ಕೆಲಸ ನೋಡಿಕೊಳ್ಳುವವಳು. ಅವಳು ಹುಟ್ಟಿದ್ದು ಭಾರತ 1983ರ ವಿಶ್ವಕಪ್ ಗೆದ್ದ ಗಳಿಗೆಯಲ್ಲಿ. ಕ್ರಿಕೆಟ್ ತಂಡದವರು ಅವಳ ಜೊತೆ ತಿಂಡಿ ತಿಂದ ದಿನ ಗೆಲ್ಲುತ್ತಾರೆ. ಅವಳು ಅದೃಷ್ಟದೇವತೆ ಆಗಿಬಿಡುತ್ತಾಳೆ. ಕ್ಯಾಪ್ಟನ್ ನಿಖಿಲ್‌ಗೆ ಮಾತ್ರ ಅದೃಷ್ಟದಲ್ಲಿ ನಂಬಿಕೆ ಇಲ್ಲ. ಗೆದ್ದರೆ ಹುಡುಗರ ಪರಿಶ್ರಮದಿಂದ ಗೆಲ್ಲಬೇಕು ಅನ್ನುವವನು. ಪ್ರೀತಿ ಮತ್ತು ಕೆಲಸ ಒಂದೇ ಜಗಳದಲ್ಲಿ ಸಿಕ್ಕಿಕೊಳ್ಳುವುದು ಅಂದರೆ ಇದು.

ಬರೆದವರು ಜೆ. ವಾಲ್ಟರ್ ಥಾಂಪ್ಸನ್ ಅನ್ನುವ ಜಾಹೀರಾತು ಕಂಪನಿಯಲ್ಲಿ ವರ್ಷಗಟ್ಟಲೆ ಇದ್ದು, ಪೆಪ್ಸಿ ಜಾಹೀರಾತು ಮಾಡಿದವರು. ಶೂಟಿಂಗಿನ ಗಲಾಟೆ, ಕ್ಲೈಂಟ್ ಕೊನೆ ಗಳಿಗೆಯಲ್ಲಿ ಮನಸ್ಸು ಬದಲಾಯಿಸುವುದು, ಎಲ್ಲ ನಾನು ನೋಡಿದ್ದೇ. ಇದನ್ನು ಬೇರೆ ಕಡೆಯೂ ಗಮನಿಸಿದ್ದೇನೆ. ಡೆವಿಲ್ ಬರೆದ ಲಾರೆನ್ ವೈಸ್‌ಬರ್ಗರ್ ‘ವೋಗ್’ ಪತ್ರಿಕೆಯಲ್ಲಿ ಸಂಪಾದಕಿಯ ಸಹಾಯಕಿಯಾಗಿದ್ದರು. ಕಿನ್ಸೆಲಾ ಹಣಕಾಸಿನ ಪತ್ರಕರ್ತೆಯಾಗಿದ್ದರು. 2007ರ ‘ಆಲ್ಮೋಸ್ಟ್ ಸಿಂಗಲ್’ನ ನಾಯಕಿ ದಿಲ್ಲಿಯ ಪಂಚತಾರಾ ಹೋಟೆಲಿನಲ್ಲಿ ಅತಿಥಿಗಳನ್ನು ನೋಡಿಕೊಳ್ಳುವವಳು. ಅದನ್ನು ಬರೆದ ಅದ್ವೈತಾ ಕಾಲಾ ಕೂಡ ಹೋಟೆಲುಗಳಲ್ಲಿ ಕೆಲಸ ಮಾಡಿದವರು. ಕೆಲಸ ಮಾಡಿ ಗೊತ್ತಿದ್ದವರು ಬರೆದಾಗ ಆಫೀಸು ಪುಸ್ತಕದಿಂದ ಸುಲಭಕ್ಕೆ ಮಾಯವಾಗುವುದಿಲ್ಲ. ‘ಅವಳು ಒಂದು ದೊಡ್ಡ ಕಂಪನಿಯಲ್ಲಿ ಒಳ್ಳೆಯ ಹುದ್ದೆಯಲ್ಲಿದ್ದಳು’ ಅಂತ ಶುರುವಾದ ಪುಸ್ತಕದಲ್ಲಿ ಮಾತ್ರ ಹೀರೋ ಬಂದ ತಕ್ಷಣ ಆ ಕಂಪನಿ ಕಾಣೆಯಾಗುತ್ತದೆ.

ನಮ್ಮ ದೇಶದ ಪುಸ್ತಕಗಳಲ್ಲಿ ಇನ್ನೊಂದು ಇದೆ. ಅಲ್ಲಿ ನಾಯಕಿಗೆ ಬಾಸ್ ಒಬ್ಬರಲ್ಲ, ಇಬ್ಬರು. ಆಫೀಸಿನಲ್ಲಿ ಒಬ್ಬರು, ಮನೆಯಲ್ಲಿ ಅಮ್ಮ. ‘ವಯಸ್ಸಾಯಿತು, ಜಾತಕ ಯಾವಾಗ ಹೊರಗೆ ಹಾಕೋಣ’ ಅನ್ನುವ ಫೋನು ಮೀಟಿಂಗಿನ ನಡುವೆಯೇ ಬರುತ್ತದೆ. ಇದನ್ನು ಲಂಡನ್ನಿನ ಪುಸ್ತಕದಲ್ಲಿ ಹುಡುಕಿದರೆ ಬ್ರಿಜೆಟ್‌ನ ಅಮ್ಮನ ಹತ್ತಿರ ಸ್ವಲ್ಪ ಸಿಗುತ್ತದೆ, ಅಷ್ಟೇ.

ಎರಡು ಮಕ್ಕಳ ತಾಯಿ

ಇಷ್ಟೂ ಹೊತ್ತು ಎಲ್ಲರೂ ಮದುವೆಯ ಮುಂಚಿನ ಮಾತೇ ಆಡುತ್ತಿದ್ದೀರಿ. ಕೆಲಸ ಮಾಯವಾಗುವ ನಿಜವಾದ ಜಾಗ ಅದರ ಆಚೆ ಇದೆ.

ಆಲಿಸನ್ ಪಿಯರ್ಸನ್ ಅವರ ‘ಐ ಡೋಂಟ್ ನೋ ಹೌ ಶೀ ಡಸ್ ಇಟ್’ 2002ರಲ್ಲಿ ಬಂತು. ಕೇಟ್ ರೆಡ್ಡಿ ಲಂಡನ್ನಿನಲ್ಲಿ ಫಂಡ್ ಮ್ಯಾನೇಜರ್, ಅಂದರೆ ಬೇರೆಯವರ ಹೂಡಿಕೆಯ ಹಣ ನೋಡಿಕೊಳ್ಳುವವಳು, ಇಬ್ಬರು ಮಕ್ಕಳ ತಾಯಿ. ಶುರುವಿನಲ್ಲೇ ರಾತ್ರಿ ಹೊತ್ತು ಮೀರಿದ ಮೇಲೆ ಅಡುಗೆಮನೆಯಲ್ಲಿ ನಿಂತು, ಅಂಗಡಿಯಿಂದ ತಂದ ಸಿಹಿ ಕಡುಬುಗಳ ಅಂಚನ್ನು ತಟ್ಟಿ ತಟ್ಟಿ ಮುರಿಯುತ್ತಿರುತ್ತಾಳೆ. ಯಾಕೆ? ಮಗಳ ಶಾಲೆಯ ಕ್ರಿಸ್‌ಮಸ್ ಪಾರ್ಟಿಗೆ ಮನೆಯಲ್ಲೇ ಮಾಡಿದ್ದರ ಹಾಗೆ ಕಾಣಬೇಕು. ಬೇರೆ ತಾಯಂದಿರ ಮುಂದೆ ಸೋಲಬಾರದು. ನಾನು ಆ ಪುಟ ಓದಿ ಪುಸ್ತಕ ಮುಚ್ಚಿ ಅತ್ತಿದ್ದೇನೆ.

ಎಷ್ಟೋ ಜನ ಕೇಟ್ ಗೆಲ್ಲುತ್ತಾಳೆ ಅಂತ ಕಾದರು. ಅವಳು ಕೊನೆಗೆ ಕೆಲಸ ಬಿಟ್ಟು, ಲಂಡನ್ನೂ ಬಿಟ್ಟು ಸಂಸಾರದ ಜೊತೆ ಡರ್ಬಿಷೈರ್‌ಗೆ ಹೋಗುತ್ತಾಳೆ. ಹೊಸ ವ್ಯವಹಾರದ ಸುಳಿವು ಒಂದಿಷ್ಟು ಸಿಗುತ್ತದೆ, ನಿಜ. ಆದರೂ ನನಗೆ ಬೇಸರವಾಯಿತು. ಪುಸ್ತಕ ಸುಳ್ಳು ಹೇಳಿತು ಅಂತಲ್ಲ. ಎಷ್ಟೋ ಆಫೀಸುಗಳಲ್ಲಿ ನಡೆಯುವುದು ಅದೇ. ನಮ್ಮಲ್ಲಿ 2017ರಿಂದ ಹೆರಿಗೆ ರಜೆ 26 ವಾರ ಆಗಿದೆ, 50 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಮಕ್ಕಳ ಪಾಲನಾ ಕೇಂದ್ರ ಇರಬೇಕು ಅಂತ ಕಾನೂನಿದೆ. ನಾನು ರಜೆ ಮುಗಿಸಿ ಹೋದಾಗ ನನ್ನ ಪ್ರಾಜೆಕ್ಟ್ ಬೇರೆಯವರ ಕೈಯಲ್ಲಿತ್ತು. ಯಾರೂ ಬೈಯಲಿಲ್ಲ. ‘ನಿಮಗೆ ಕಷ್ಟ ಆಗಬಾರದು ಅಂತ’ ಅಂದರು.

ಈ ಜಾಗದಿಂದ ಶುರುವಾಗಿ, ಗಂಡ ಒಳ್ಳೆಯವನೇ ಆಗಿದ್ದು, ಪ್ರೀತಿಯೂ ಇದ್ದು, ಅವಳು ಆ ಪ್ರಾಜೆಕ್ಟನ್ನು ಹೇಗೆ ವಾಪಸ್ ಪಡೆದಳು ಅನ್ನುವ ಪುಸ್ತಕ ನನಗೆ ಬೇಕು. ಕನ್ನಡದಲ್ಲಿ ಬೇಕು.

ಕರಡು ಪ್ರತಿ

ಇದನ್ನು ಓದಿದ ಮೇಲೆ ಹೇಳದೆ ಇರಲಾಗುತ್ತಿಲ್ಲ. ನಾನು ಕನ್ನಡದಲ್ಲಿ ಇಂಥದ್ದೇ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಮದ್ದೂರಿನ ಹುಡುಗಿ. ಬೆಂಗಳೂರಿನಲ್ಲಿ ಆಡಿಟರ್ ಆಫೀಸಿನ ಕೆಲಸ, ಸಿ.ಎ. ಫೈನಲ್ ಪರೀಕ್ಷೆಯ ತಯಾರಿ. ದಿನಾ ರೈಲಿನಲ್ಲಿ ಓಡಾಟ. ಹುಡುಗ ಮಂಡ್ಯದಲ್ಲಿ ಪಿ.ಯು. ಕಾಲೇಜಿನ ಲೆಕ್ಚರರ್. ಪ್ರತಿ ತಿಂಗಳು 20ನೇ ತಾರೀಖು ಜಿ.ಎಸ್.ಟಿ. ರಿಟರ್ನ್ ಹಾಕುವ ಕೊನೆಯ ದಿನ. ಆ ದಿನ ಪೋರ್ಟಲ್ ತೆವಳುತ್ತಿರುತ್ತದೆ, ಕಕ್ಷಿದಾರರು ಮಧ್ಯಾಹ್ನದ ಮೇಲೆ ಬಿಲ್ಲು ಕಳಿಸುತ್ತಾರೆ, ಅವಳ ರೈಲು ತಪ್ಪುತ್ತದೆ. ಅವನು ಪ್ಲಾಟ್‌ಫಾರಮ್ಮಿನಲ್ಲಿ ಕಾಯುತ್ತಾನೆ. ಜಗಳ ಶುರುವಾಗುವುದು ಅಲ್ಲಿ.

ನನ್ನ ತೊಂದರೆ ಕೊನೆಯದು. ಅವಳು ಪಾಸಾಗುತ್ತಾಳೆ. ಅವನು ಮಂಡ್ಯದಲ್ಲಿರುವ ತಮ್ಮ ಕಟ್ಟಡದಲ್ಲೇ ಅವಳಿಗೆ ಆಫೀಸ್ ಮಾಡಿಕೊಡುತ್ತೇನೆ ಅನ್ನುತ್ತಾನೆ. ಪ್ರೀತಿಯಿಂದಲೇ ಹೇಳುತ್ತಾನೆ. ಮದುವೆಯೂ ಆಯಿತು, ಆಫೀಸೂ ಆಯಿತು ಅಂತ ಮುಗಿಸಬಹುದು. ಈ ಚರ್ಚೆ ಓದಿದ ಮೇಲೆ ಕೈ ತಡೆಯುತ್ತಿದೆ.

ಅಟ್ಟದ ಪುಸ್ತಕ

ಮಗಾ, ಅವನು ಕೆಟ್ಟವನೂ ಆಗಬೇಕಿಲ್ಲ, ಅವಳು ಬೇಡ ಅಂತಲೂ ಅನ್ನಬೇಕಿಲ್ಲ. ಅವಳು ಬಾಡಿಗೆ ಎಷ್ಟು ಅಂತ ಕೇಳಲಿ. ಅವನು ನಗಲಿ, ಅವಳು ನಗದೆ ಕೇಳಲಿ. ಆ ಮಾತಿನ ಮೇಲೆ ಅವರಿಬ್ಬರ ನಡುವೆ ಏನಾಗುತ್ತದೆ ಅಂತ ಬರಿ.

ರಾಜಾಜಿನಗರದ ಓದುಗಿ

ಅಮ್ಮ ಹೇಳಿದ್ದು ನೂರಕ್ಕೆ ನೂರು ನಿಜ. ಕರಡು ಅವರೇ, ನಾನು ಬ್ಯಾಂಕಿನವಳು, ಆ ಕಣ್ಣಿನಿಂದ ಒಂದು ಸೇರಿಸುತ್ತೇನೆ. ಬಾಡಿಗೆ ಕರಾರು ಪತ್ರ ಮಾಡಿಸಿ. ಆಫೀಸಿನ ಬೋರ್ಡಿನಲ್ಲಿ ಮದುವೆಗೆ ಮುಂಚಿನ ಅವಳ ಹೆಸರೇ ಇರಲಿ. ಅವಳ ಮೊದಲ ಕಕ್ಷಿದಾರರು ಅವನ ಮನೆಯವರ ಪರಿಚಯದಿಂದ ಬರುವುದು ಬೇಡ. 20ನೇ ತಾರೀಖು ಬಿಲ್ಲು ತಡವಾಗಿ ಕಳಿಸುತ್ತಿದ್ದ ಆ ವ್ಯಾಪಾರಿಯೇ ‘ನಮ್ಮ ಲೆಕ್ಕ ನೀವೇ ನೋಡಬೇಕಮ್ಮಾ’ ಅಂತ ಬರಲಿ. ರೈಲು ತಪ್ಪಿಸಿಕೊಂಡು ಅವಳು ಮಾಡಿದ್ದು ಆ ಲೆಕ್ಕವನ್ನೇ ತಾನೇ?

ಪ್ರೀತಿಯನ್ನು ಮಾತ್ರ ಕಮ್ಮಿ ಮಾಡಬೇಡಿ. ಮಳೆ ಅವರ ಮಾತಿನಲ್ಲಿ ಸತ್ಯ ಇದೆ. ಅವನು ಪ್ಲಾಟ್‌ಫಾರಮ್ಮಿನಲ್ಲಿ ಕಾದದ್ದೂ ಲೆಕ್ಕಕ್ಕೆ ಬರಬೇಕು. ಲಂಡನ್ ಅವರು ಹೇಳಿದ ಹಾಗೆ ಅವನೂ ಏನಾದರೂ ಬಿಟ್ಟುಕೊಡಲಿ. ತಿಂಗಳ 20ನೇ ತಾರೀಖು ಅವನೇ ಬೆಂಗಳೂರಿಗೆ ಬರಬಹುದಲ್ಲ.

ಕರಡು ಪ್ರತಿ

ಅವನು ಬೆಂಗಳೂರಿಗೆ ಬರುವುದು! ಇದು ನನಗೆ ಹೊಳೆದೇ ಇರಲಿಲ್ಲ. ಊಟದ ಡಬ್ಬಿ ಹಿಡಿದು ಆಡಿಟರ್ ಆಫೀಸಿಗೆ ಬಂದು, ಅವಳು ಏನು ಮಾಡುತ್ತಾಳೆ ಅಂತ ಮೊದಲ ಸಲ ಕೂತು ನೋಡುವ ಹಾಗೆ ಬರೆದರೆ? ಅವಳಿಗೆ ಮಾತಾಡಲು ಪುರುಸೊತ್ತಿರುವುದಿಲ್ಲ. ಅವನು ಅವಳ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತು ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿಕೊಡುತ್ತಾನೆ. ಈ ವಾರವೇ ಬರೆಯುತ್ತೇನೆ.

ಎರಡು ಮಕ್ಕಳ ತಾಯಿ

ದಯವಿಟ್ಟು ಎರಡನೇ ಭಾಗವನ್ನೂ ಬರೆಯಿರಿ. ಮಗು ಹುಟ್ಟಿದ ಮೇಲಿನ 20ನೇ ತಾರೀಖು.

ಮಲೆನಾಡಿನ ಮಳೆ

ಕರಡು ಅವರೇ, ಆ ಅಧ್ಯಾಯ ಬರೆದ ಕೂಡಲೇ ನನಗೆ ಕಳಿಸಿ. ನಾನು ಈಗಲೂ ಪ್ರೀತಿಗೇ ಓದುವವಳು. ಜಿ.ಎಸ್.ಟಿ. ಜಾಸ್ತಿಯಾಗಿ ಪ್ರೀತಿ ಕಮ್ಮಿಯಾದರೆ ಅದನ್ನೂ ಮುಲಾಜಿಲ್ಲದೆ ಹೇಳುತ್ತೇನೆ. ಆದರೆ ಬಿಲ್ಲು ಜೋಡಿಸಿಕೊಡುವ ಹುಡುಗನ ಪುಟಕ್ಕೆ ಕಾಯುತ್ತಿರುತ್ತೇನೆ.